ಬಲಕ್ಕೇ ಸುತ್ತುವ ಹಸಿರು ರೋಬೋ

ನಮ್ಮ ಮನೆಯಲ್ಲಿ ಅತ್ತೆ ಸೊಸೆ ಕಾದಾಡುವುದು ಭಾನುವಾರ ಬೆಳಿಗ್ಗೆ, ಉಪ್ಪಿಟ್ಟು ತಿಂದು ಚಹಾ ಕುಡಿದ ಮೇಲೆ. ಇಬ್ಬರೂ ಪಕ್ಕಪಕ್ಕದ ಕುರ್ಚಿಗಳಲ್ಲಿ ಕೈ ಕಟ್ಟಿಕೊಂಡು ಕೂರುತ್ತೇವೆ. ಪರದೆಯ ಮೇಲೆ ನನ್ನ ಕೆಂಪು ರೋಬೋ ಅವರ ಹಸಿರು ರೋಬೋಗೆ ಗುಂಡು ಹೊಡೆಯುತ್ತದೆ, ಅವರದು ನನ್ನದಕ್ಕೆ ಹೊಡೆಯುತ್ತದೆ. ಗಚ್ಚಿಬೌಲಿಯ ನನ್ನ ಆಫೀಸಿನಲ್ಲಿ ಇದನ್ನು ಹೇಳಿದರೆ ಎಲ್ಲರೂ ನಗುತ್ತಾರೆ, ಆಮೇಲೆ ನಿಮ್ಮ ಅತ್ತೆಗೆ ವಯಸ್ಸೆಷ್ಟು ಎಂದು ಕೇಳುತ್ತಾರೆ. ಎಂಬತ್ತರ ಹತ್ತಿರ ಎಂದರೆ ಇನ್ನೊಮ್ಮೆ ನಗುತ್ತಾರೆ.

ಈ ಆಟ ನನ್ನ ಕೈಗೆ ಬಂದದ್ದು ಮದುವೆಗೂ ಮೊದಲು, ಹಿಮಾಯತ್‌ನಗರದಲ್ಲಿ ಕಂಪ್ಯೂಟರ್ ಕಲಿಯಲು ಹೋಗುತ್ತಿದ್ದ ದಿನಗಳಲ್ಲಿ. ಇದರಲ್ಲಿ ಬೆರಳಿನ ಚುರುಕಿಗೆ ಕೆಲಸವಿಲ್ಲ. ನಿಮ್ಮ ರೋಬೋ ಏನು ಮಾಡಬೇಕೆಂದು ಮೊದಲೇ ಬರೆದುಕೊಡಬೇಕು. ನಡಿ, ತಿರುಗು, ನೋಡು, ಹೊಡಿ, ಇಂಥ ನಾಲ್ಕಾರು ಆಜ್ಞೆಗಳನ್ನು ಜೋಡಿಸಿ ಒಂದು ಪುಟ್ಟ ಪ್ರೋಗ್ರಾಂ ಮಾಡಿ ಅದರ ತಲೆಗೆ ತುಂಬಿ ಕಣಕ್ಕೆ ಬಿಡಬೇಕು. ಬಿಟ್ಟ ಮೇಲೆ ಮುಗಿಯಿತು. ಅದು ಗೋಡೆಗೆ ಹಾಯ್ದರೂ ಹಾಯಲಿ, ಸತ್ತರೂ ಸಾಯಲಿ, ನೀವು ಮುಟ್ಟುವಂತಿಲ್ಲ. ನನ್ನಂಥ ಮೂಗಿನ ತುದಿಯಲ್ಲೇ ಸಿಟ್ಟಿರುವವಳಿಗೆ ಇದು ದೊಡ್ಡ ಶಿಕ್ಷೆ, ಆದರೂ ಇಷ್ಟೊಂದು ವರ್ಷ ಬಿಡದೆ ಆಡಿದ್ದೇನೆ.

ಆಟ ನಡೆಯುತ್ತಿದ್ದದ್ದು ನಮ್ಮ ಕೂಕಟ್‌ಪಲ್ಲಿ ಫ್ಲಾಟಿನ ಒಳಕೋಣೆಯಲ್ಲಿದ್ದ ಹಳೆಯ ಕಂಪ್ಯೂಟರಿನಲ್ಲಿ. ಅದರ ಆಪರೇಟಿಂಗ್ ಸಿಸ್ಟಂ ಎಷ್ಟು ಹಳೆಯದೆಂದರೆ, ಅದನ್ನು ಮಾಡಿದ ಕಂಪನಿಯೇ ಅದಕ್ಕೂ ತನಗೂ ಸಂಬಂಧವಿಲ್ಲವೆಂದು ಎಂದೋ ಕೈ ತೊಳೆದುಕೊಂಡಿದೆ. ರಿಪೇರಿ ಬರುವುದಿಲ್ಲ, ರಕ್ಷಣೆ ಬರುವುದಿಲ್ಲ, ಇಂಟರ್ನೆಟ್ಟಿಗೆ ಜೋಡಿಸುವ ಮಾತಂತೂ ಆಡುವ ಹಾಗೇ ಇಲ್ಲ. ಹೊಸ ಲ್ಯಾಪ್‌ಟಾಪಿಗೆ ಈ ಆಟವನ್ನು ಹಾಕಲು ನಾನು ಎಷ್ಟೋ ಸಲ ನೋಡಿದೆ. ಪ್ರತಿ ಸಲವೂ ಅದು ಈ ಪ್ರೋಗ್ರಾಂ ಇಲ್ಲಿ ನಡೆಯದೆಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಸುಮ್ಮನಾಯಿತು. ಹಳೇ ಗಂಡನ ಪಾದವೇ ಗತಿ ಎಂದುಕೊಂಡು ನಾನೂ ಹಳೆಯ ಡಬ್ಬಕ್ಕೇ ಮರಳುತ್ತಿದ್ದೆ.

ಅತ್ತೆ ವಿಜಯಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮಾವ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದರು. ಬಂದ ಹೊಸತರಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ಭಾಳ ಮರ್ಯಾದೆಯಿಂದ ಸಹಿಸಿಕೊಂಡಿದ್ದೆವು. ಒಂದು ದಿನ ನಾನು ರೋಬೋದ ಗುಂಡು ಯಾವ ಕೋನದಲ್ಲಿ ಹೋಗಬೇಕೆಂದು ತಲೆ ಕೆರೆದುಕೊಳ್ಳುತ್ತಿದ್ದಾಗ, ಹಿಂದಿನಿಂದ ನಿಂತು ನೋಡುತ್ತಿದ್ದ ಅವರು, “ಕೋನ ತಪ್ಪೇತಿ. ಅಷ್ಟ್ ದೊಡ್ಡದು ಬ್ಯಾಡ, ಅರ್ಧಾ ಸಾಕು,” ಎಂದರು. ಸರಿಯಾಗಿತ್ತು. ನನಗೆ ಮೈ ಉರಿಯಿತು. ಹಾಗಾದರೆ ನೀವೇ ಒಂದು ರೋಬೋ ಮಾಡಿ ಎಂದೆ. ಅವರು ಕುರ್ಚಿ ಎಳೆದುಕೊಂಡು ಕೂತರು.

ಹಾಗೆ ಕೂತವರು ಇನ್ನೂ ಎದ್ದಿಲ್ಲ. ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಾರೆ, ಆದರೆ ಅವರ ಲೆಕ್ಕ ನನ್ನದಕ್ಕಿಂತ ಅಚ್ಚುಕಟ್ಟು. ಹೀಗಿದ್ದೂ ಅವರು ಪ್ರತಿ ಭಾನುವಾರ ಸೋಲುತ್ತಿದ್ದರು. ಕಾರಣ ನನಗೆ ಮೊದಲ ತಿಂಗಳಲ್ಲೇ ತಿಳಿದಿತ್ತು. ಅವರ ಹಸಿರು ರೋಬೋ ಕಣದ ನಡುವನ್ನು ಬಲಗಡೆಗೆ ಇಟ್ಟುಕೊಂಡು ಸುತ್ತುತ್ತಿತ್ತು, ಯಾವಾಗಲೂ ಬಲಕ್ಕೇ, ಒಮ್ಮೆಯೂ ಎಡಕ್ಕಲ್ಲ. ಅಂದರೆ ಪ್ರದಕ್ಷಿಣೆ. ನನ್ನ ಕೆಂಪು ರೋಬೋ ಮೂಲೆಯಲ್ಲಿ ನಿಂತು, ಹಸಿರು ಎಲ್ಲಿದೆ ಎಂದು ನೋಡಿ, ಅದು ಇನ್ನು ಮುಂದೆ ಎಲ್ಲಿರುತ್ತದೋ ಅಲ್ಲಿಗೆ ಗುಂಡು ಬಿಡುತ್ತಿತ್ತು. ಹಸಿರು ತಾನಾಗಿಯೇ ಹೋಗಿ ಗುಂಡಿಗೆ ಹಾಯುತ್ತಿತ್ತು.

ನಾನು ಕಪಟಿಯಲ್ಲ, ಅವರಿಗೆ ಹೇಳಿದೆ. “ಅತ್ತಿ, ನೀವು ಬರೇ ಬಲಕ್ಕ ಸುತ್ತತೀರಿ. ನಡಕ ಒಮ್ಮೆ ಎಡಕ್ಕ ತಿರುಗ್ರಿ, ನನ್ನ ಗುಂಡು ತಪ್ಪತೈತಿ.”

ಅವರು ಕಿವಿ ಮುಚ್ಚಿಕೊಳ್ಳುವುದೊಂದು ಬಾಕಿ. “ಎಡಕ್ಕ ಸುತ್ತೂದು ಹೆಣಕ್ಕ. ಅದು ನನ್ನ ಕೈಲೆ ಆಗಂಗಿಲ್ಲ ನೋಡವ್ವಾ.”

“ಅದು ಆಟದ ರೋಬೋರಿ. ಅದಕ್ಕೆಂಥಾ ಮಡಿ?”

“ಬರಿಯೂ ಕೈ ನಂದಲ್ಲೇನ?”

ಯೋಚಿಸಿದರೆ ಅವರು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಹಾಗಾಗಿ ಹಸಿರು ಬಲಕ್ಕೇ ಸುತ್ತಿತು, ವರ್ಷಗಟ್ಟಲೆ ಸತ್ತಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನಮ್ಮ ಒಳಕೋಣೆಯಲ್ಲಿ ಸೊಸೆಯ ಕಾಲವೇ ನಡೆದುಕೊಂಡು ಬಂತು.

ನನ್ನ ಗಂಡನಿಗೆ ಇದನ್ನು ನೋಡಲಾಗುತ್ತಿರಲಿಲ್ಲ. ಅವರು ವಿಮಾ ಕಚೇರಿಯಲ್ಲಿ ಕೆಲಸ ಮಾಡುವವರು, ಯಾರಿಗೂ ನಷ್ಟವಾಗಬಾರದು ಎನ್ನುವ ಸ್ವಭಾವ. ಅಡುಗೆಮನೆಗೆ ಬಂದು ದನಿ ತಗ್ಗಿಸಿ, “ಒಂದ್ ಸಲ ಸೋತ್ರ ನಿನ್ನ ಗಂಟೇನ ಹೋಗತೈತಿ? ಅವ್ವಗ ವಯಸ್ಸಾತು,” ಎನ್ನುತ್ತಿದ್ದರು. ನಾನು ಒಪ್ಪಲಿಲ್ಲ. ನನ್ನ ಹಟ ಒಂದು ಕಾರಣ, ಅದನ್ನು ಮುಚ್ಚಿಡುವುದಿಲ್ಲ. ಇನ್ನೊಂದು ಕಾರಣ ಅತ್ತೆಯೇ. ಹಿಂದೊಮ್ಮೆ ನನ್ನ ಗಂಡನೆಂಬ ಇದೇ ಪುಣ್ಯಾತ್ಮರು ತಾಯಿಯ ಜೊತೆ ಚೌಕಾಬಾರ ಆಡುವಾಗ ಬೇಕೆಂದೇ ಸೋತಿದ್ದರು. ಅತ್ತೆಗೆ ಅದು ಹೇಗೋ ತಿಳಿಯಿತು. ಕವಡೆಗಳನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿ, “ನಾ ಸಾಲ್ಯಾಗ ಯಾರಿಗೂ ಗ್ರೇಸ್ ಮಾರ್ಕ್ ಕೊಟ್ಟಾಕಿ ಅಲ್ಲ. ತಗೊಳ್ಳಾಕೀನೂ ಅಲ್ಲ,” ಎಂದರು. ಆಮೇಲೆ ಮಗನ ಜೊತೆ ಎಂದೂ ಚೌಕಾಬಾರ ಆಡಲಿಲ್ಲ. ಅವರಿಗೆ ಬೇಕಾದದ್ದು ಗೆಲುವಷ್ಟೇ ಅಲ್ಲ, ತಾವು ನಂಬಬಹುದಾದ ಗೆಲುವು. ಅದನ್ನು ಈ ಮನೆಯಲ್ಲಿ ಕೊಡಬಲ್ಲವಳು ನಾನೊಬ್ಬಳೇ, ಅದೂ ಮನಸ್ಸಿಟ್ಟು ಗೆಲ್ಲಲು ಆಡುತ್ತಿದ್ದರೆ ಮಾತ್ರ.

ಕಳೆದ ಬೇಸಿಗೆಯಲ್ಲಿ ಕಂಪ್ಯೂಟರು ಸತ್ತಿತು. ಗುಂಡಿ ಒತ್ತಿದರೆ ಫ್ಯಾನು ಒಮ್ಮೆ ನರಳಿ ಸುಮ್ಮನಾಯಿತು. ಬೀದಿಯ ರಿಪೇರಿಯವನನ್ನು ಕರೆಸಿದೆ. ಆತ ಮುಚ್ಚಳ ಬಿಚ್ಚಿ ಒಳಗೆ ನೋಡಿ, “ಇಸ್ಕೋ ಅಬ್ ಆರಾಮ್ ಕರ್‌ನೇ ದೋ ಮೇಡಂ,” ಎಂದ, ಇನ್ನಾದರೂ ವಿಶ್ರಾಂತಿ ತೆಗೆದುಕೊಳ್ಳಲಿ ಎಂದು ಹಿರಿಯರ ಬಗ್ಗೆ ಮಾತಾಡುವ ಹಾಗೆ. ಬಿಡಿಭಾಗಗಳು ಎಲ್ಲೂ ಸಿಗುವುದಿಲ್ಲವಂತೆ. ಗಂಡನಿಗೆ ಒಳಗೊಳಗೇ ಹಿಗ್ಗು. ಗುಜರಿ ಕೊಳ್ಳುವ ಕಬಾಡಿಯವನಿಗೆ ಕೊಟ್ಟರೆ ಜಾಗವೂ ಖಾಲಿಯಾಗುತ್ತದೆ, ಭಾನುವಾರದ ಸೋಲೂ ತಪ್ಪುತ್ತದೆ ಎಂದರು.

ಅತ್ತೆ ಆ ಭಾನುವಾರ ಉಪ್ಪಿಟ್ಟು ತಿಂದು, ಅಭ್ಯಾಸಬಲದಿಂದ ಒಳಕೋಣೆಗೆ ಹೋಗಿ, ಕಪ್ಪು ಪರದೆಯ ಮುಂದೆ ಸ್ವಲ್ಪ ಹೊತ್ತು ಕೂತು ಎದ್ದು ಬಂದರು. ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತ, “ಇನ್ನ ಗೆಲ್ಲೂದೂ ಇಲ್ಲ, ಸೋಲೂದೂ ಇಲ್ಲ. ಆರಾಮಾತು,” ಎಂದರು. ಆ ಮಾತು ನನಗೆ ಚುಚ್ಚಿತು. ಇಷ್ಟು ವರ್ಷ ಸೋತವರು ಸೋತೇ ಉಳಿದುಬಿಡುತ್ತಾರಲ್ಲ ಎಂದು ಸಂಕಟವಾಯಿತು. ಕಬಾಡಿಯವನು ಬಂದರೆ ಮೆಟ್ಟಿಲಲ್ಲೇ ತಿರುಗಿಸಿ ಕಳಿಸುತ್ತೇನೆ ಎಂದು ಗಂಡನಿಗೆ ಹೇಳಿಬಿಟ್ಟೆ.

ನಾನು ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ತೆಗೆಸಿದೆ. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರು ಇದ್ದಂತೆ ನಟಿಸುವ ಸಾಫ್ಟ್‌ವೇರ್ ಇದೆ. ಆಫೀಸಿನಲ್ಲಿ ಪರೀಕ್ಷೆಗಳಿಗಾಗಿ ಅದನ್ನು ದಿನಾ ಬಳಸುತ್ತೇನೆ. ಮನೆಯ ಲ್ಯಾಪ್‌ಟಾಪಿನಲ್ಲಿ ಹಾಗೊಂದು ಸುಳ್ಳು ಕಂಪ್ಯೂಟರು ಕಟ್ಟಿ, ಅದಕ್ಕೆ ಹಳೆಯ ಆಪರೇಟಿಂಗ್ ಸಿಸ್ಟಮನ್ನೇ ಹಾಕಿದರೆ ಆಟ ನಡೆಯಲೇಬೇಕು. ಹಳೆಯ ಸಿಡಿಯೂ ಇತ್ತು. ಎಲ್ಲ ಸರಿಯಾಗಿ ಸಾಗಿ, ಕೊನೆಗೆ ಅದು ತನ್ನ ಗುಟ್ಟಿನ ಸಂಖ್ಯೆ ಕೇಳಿತು. ಅದು ಹಳೆಯ ಡಬ್ಬದ ಪಕ್ಕೆಗೆ ಅಂಟಿಸಿದ ಚೀಟಿಯಲ್ಲಿತ್ತು.

ಹೋಗಿ ನೋಡಿದರೆ ಚೀಟಿಯ ಜಾಗದಲ್ಲಿ ಒಣಗಿ ಗಟ್ಟಿಯಾದ ಕೆಂಪು ಪದರ. ಪ್ರತಿ ವರ್ಷ ಆಯುಧಪೂಜೆಗೆ ಅತ್ತೆ ಮನೆಯ ಎಲ್ಲ ಯಂತ್ರಗಳಿಗೂ ಅರಿಶಿನ ಹಚ್ಚಿ ಕುಂಕುಮ ಇಡುತ್ತಾರೆ. ಮಿಕ್ಸರಿಗೆ, ಇಸ್ತ್ರಿಪೆಟ್ಟಿಗೆಗೆ, ಗಂಡನ ಸ್ಕೂಟರಿಗೆ, ಈ ಕಂಪ್ಯೂಟರಿಗೂ. ಇಷ್ಟು ದೊಡ್ಡ ಡಬ್ಬದಲ್ಲಿ ಅವರಿಗೆ ಹಣೆಯಂತೆ ಕಂಡದ್ದು ಆ ಚೀಟಿಯೇ.

“ಅತ್ತಿ, ಬ್ಯಾರೆ ಜಾಗಾ ಸಿಗಲಿಲ್ಲೇನ್ರಿ?” ಎಂದು ಕೂಗಿದೆ.

“ಬೆಳ್ಳಗ ಚೌಕ ಇತ್ತವ್ವಾ, ಕುಂಕುಮ ಇಡಾಕ ಮಾಡಿದಂಗ ಇತ್ತು,” ಎಂದರು ಅವರು, ತಪ್ಪು ತಮ್ಮದಲ್ಲ, ಚೀಟಿಯದು ಎನ್ನುವ ಹಾಗೆ. ಆದರೆ ಅವರೇ ಹತ್ತಿಗೆ ಕೊಬ್ಬರಿ ಎಣ್ಣೆ ಅದ್ದಿಕೊಂಡು ಬಂದು, ಕೂಸಿನ ಹಣೆ ಒರೆಸುವಂತೆ ನಿಧಾನವಾಗಿ ಒರೆಸತೊಡಗಿದರು. ಕುಂಕುಮ ಬಿಟ್ಟಿತು, ಅರಿಶಿನದ ಕಲೆ ಉಳಿಯಿತು. ಮಸುಕಾದ ಅಕ್ಷರಗಳನ್ನು ಅವರು ಭೂತಗನ್ನಡಿ ಹಿಡಿದು ಓದಿದರು, ನಾನು ಒತ್ತಿದೆ. ಒಂದೆರಡು ಸಲ ತಪ್ಪಿ, ಆಮೇಲೆ ಒಪ್ಪಿಕೊಂಡಿತು. ಲ್ಯಾಪ್‌ಟಾಪಿನ ಕಿಟಕಿಯೊಂದರೊಳಗೆ ಆ ಹಳೆಯ ನೀಲಿ ಬೆಳಗು ಮೂಡಿದಾಗ ನಾವಿಬ್ಬರೂ ಚಿಕ್ಕ ಹುಡುಗಿಯರಂತೆ ಚಪ್ಪಾಳೆ ತಟ್ಟಿದೆವು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾವು ಒಟ್ಟಿಗೆ ಚಪ್ಪಾಳೆ ತಟ್ಟಿದ್ದು ಅದೇ ಮೊದಲಿರಬೇಕು.

ಹಾರ್ಡ್ ಡಿಸ್ಕಿನಿಂದ ನಮ್ಮ ರೋಬೋಗಳೂ ಜೀವಂತ ಬಂದವು. ಆಟ ಶುರು ಮಾಡಿದೆವು. ಒತ್ತಿದ್ದೇ ತಡ, ಮುಗಿದೇ ಹೋಯಿತು. ಹೊಸ ಯಂತ್ರದ ವೇಗಕ್ಕೆ ಹಳೆಯ ಆಟ ಹುಚ್ಚು ಕುದುರೆಯಂತೆ ಓಡಿತ್ತು.

“ಇದೇನವ್ವಾ, ಕಣ್ಣು ಮುಚ್ಚಿ ತಗಿಯೂದ್ರಾಗ ಸತ್ತ ಹೋದ್ನಲ್ಲಾ!” ಎಂದರು ಅತ್ತೆ.

ಸುಳ್ಳು ಕಂಪ್ಯೂಟರಿನ ವೇಗಕ್ಕೆ ಕಡಿವಾಣ ಹಾಕಿದೆ. ಈಗ ಅತಿ ನಿಧಾನವಾಯಿತು. ರೋಬೋಗಳು ಹಬ್ಬದೂಟ ಮುಗಿಸಿದ ನೆಂಟರಂತೆ ಹೆಜ್ಜೆ ಎಳೆಯುತ್ತಿದ್ದವು, ಗುಂಡು ತೇಲಿಕೊಂಡು ಹೋಗುತ್ತಿತ್ತು. ಸರಿಮಾಡುತ್ತೇನೆ ಎಂದು ಕೈ ಚಾಚಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. “ಇರಲಿ, ಹಿಂಗಾ ಇರಲಿ. ಛಂದ ಕಾಣತೈತಿ.”

ಅವರಿಗೆ ವಯಸ್ಸಾಗಿದೆ, ನಿಧಾನವೇ ಹಿತವಾಗಿರಬೇಕು ಎಂದುಕೊಂಡೆ. ನನ್ನ ಬುದ್ಧಿ ಅಷ್ಟಕ್ಕೇ ನಿಂತಿತು. ಅವರು ತಾವು ಸೋತ ಆಟವನ್ನೇ ಮತ್ತೆ ಮತ್ತೆ ನಡೆಸಲು ಹೇಳಿ, ಗಾಜಿನ ಮೇಲೆ ಬೆರಳಿಟ್ಟು ಗುಂಡಿನ ದಾರಿ ಹಿಡಿದು ನೋಡುತ್ತಿದ್ದರು. ಮಾರನೆಯ ಬೆಳಿಗ್ಗೆ ಅವರು ಬಾಗಿಲ ಮುಂದೆ ಇಟ್ಟ ರಂಗೋಲಿಯ ಚುಕ್ಕೆಗಳ ನಡುವೆ ಎಂದಿನ ಎಳೆ ಇರಲಿಲ್ಲ, ಒಂದು ದೊಡ್ಡ ಸುತ್ತು, ಅದಕ್ಕೆ ಅಲ್ಲಲ್ಲಿ ಮೂಲೆಯಿಂದ ಬಂದು ತಾಗದ ಗೆರೆಗಳು. ಎದುರು ಫ್ಲಾಟಿನ ತೆಲುಗಿನಾಕೆ ಹಾಲಿನ ಪ್ಯಾಕೆಟ್ಟು ಹಿಡಿದು ನಿಂತು, “ಇದೇಂ ಮುಗ್ಗು ಆಂಟೀ?” ಎಂದು ರಂಗೋಲಿ ತೋರಿಸಿ ಕೇಳಿದಳು. ಅತ್ತೆ ತಮ್ಮ ಹರಕು ತೆಲುಗಿನಲ್ಲಿ, “ಯುದ್ಧಂ ಮುಗ್ಗು,” ಎಂದರು. ನಾನು ಕ್ಯಾಬ್ ಹಿಡಿಯುವ ಅವಸರದಲ್ಲಿ ಆ ರಂಗೋಲಿಯನ್ನು ದಾಟಿಕೊಂಡು ಹೋದೆ.

ಮುಂದಿನ ಭಾನುವಾರ ಗಂಡನೂ ನಮ್ಮ ಹಿಂದೆ ಬಂದು ನಿಂತಿದ್ದರು. ಯಂತ್ರ ಬದುಕಿತೆಂಬ ಸಂಭ್ರಮಕ್ಕಾದರೂ ಅವ್ವನಿಗೆ ಇವತ್ತು ಬಿಟ್ಟುಕೊಡು ಎಂದು ಬೆಳಿಗ್ಗೆಯೇ ನನ್ನ ಕಿವಿ ಕಚ್ಚಿದ್ದರು. ನಾನು ಉತ್ತರ ಕೊಟ್ಟಿರಲಿಲ್ಲ. ಹಿಂದಿನ ದಿನವೇ ಕೆಂಪು ರೋಬೋದ ಗುರಿಯನ್ನು ಇನ್ನಷ್ಟು ಬಿಗಿ ಮಾಡಿ ಇಟ್ಟಿದ್ದೆ.

ಆಟ ಹೊರಟಿತು. ಹಸಿರು ಎಂದಿನಂತೆ ಬಲಕ್ಕೇ ಸುತ್ತತೊಡಗಿತು. ಕೆಂಪು ನೋಡಿತು, ಹಸಿರಿನ ಮುಂದಕ್ಕೆ ಗುಂಡು ಬಿಟ್ಟಿತು. ಅಷ್ಟರಲ್ಲಿ ಹಸಿರು ನಿಂತಿತು. ಸುಮ್ಮನೆ ನಿಂತಿತು. ಗುಂಡು ಅದರ ಮೂಗಿನ ಮುಂದೆ ಹಾಯ್ದು ಗೋಡೆಗೆ ಬಡಿಯಿತು. ನಿಂತಲ್ಲಿಂದಲೇ ಹಸಿರು ನನ್ನ ಕಡೆ ಒಂದು ಗುಂಡು ಹೊಡೆದು, ಮತ್ತೆ ಬಲಕ್ಕೆ ನಡೆಯಿತು. ಮುಂದಿನ ದಿಕ್ಕಿಗೆ ಬಂದು ಮತ್ತೆ ನಿಂತಿತು. ಮತ್ತೆ ನನ್ನ ಗುಂಡು ಅದರ ಮುಂದೆ ಹಾದುಹೋಯಿತು.

“ಯಾಕ ನಿಲ್ಲಾಕತ್ತೈತಿ ಇದು?” ಎಂದೆ.

“ಪ್ರದಕ್ಷಿಣಿ ಹಾಕೂವಾಗ ನಾಕೂ ದಿಕ್ಕಿಗೆ ನಿಂತು ಕೈ ಮುಗಿಯೂದಿಲ್ಲೇನ? ಅದು ಮರತಿದ್ದೆ ಇಷ್ಟ ದಿನ,” ಎಂದರು ಅತ್ತೆ, ಪರದೆಯಿಂದ ಕಣ್ಣು ಕೀಳದೆ. “ನಿನ್ನ ಗುಂಡು ನಾ ಇದ್ದಲ್ಲಿ ಬರೂದಿಲ್ಲವ್ವಾ, ನಾ ಹೋಗೂ ಕಡೆ ಹೋಗತೈತಿ. ನಿಧಾನಾದ ಮ್ಯಾಲ ಕಂಡ್ತು.”

ನನ್ನ ಕೆಂಪಿಗೆ ನಿಲ್ಲುವವರ ಲೆಕ್ಕವೇ ಗೊತ್ತಿರಲಿಲ್ಲ. ಅದು ಮುಂದಕ್ಕೇ ಹೊಡೆಯುತ್ತ ತನ್ನ ಶಕ್ತಿಯನ್ನೆಲ್ಲ ಗೋಡೆಗೆ ಸುರಿಯಿತು. ಹಸಿರು ನಡೆದು, ನಿಂತು, ಹೊಡೆದು, ನಡೆದು, ನನ್ನನ್ನು ಮೂಲೆಯಲ್ಲೇ ಮುಗಿಸಿತು. ಅದೂ ಆ ಹಾಳು ನಿಧಾನದಲ್ಲಿ, ನನ್ನ ಸೋಲನ್ನು ನಾನೇ ಕೈ ಕಟ್ಟಿಕೊಂಡು ಪೂರ್ತಿ ನೋಡಬೇಕಾಯಿತು.

ಅತ್ತೆಯ ಮುಖ ಅರಳತೊಡಗಿತ್ತು. ಆಗಲೇ ನನ್ನ ಗಂಡ ಬಗ್ಗಿ, ನನ್ನ ಭುಜ ತಟ್ಟಿ, “ಭೇಷ್ ಮಾಡಿದಿ,” ಎಂದು ಪಿಸುಗುಟ್ಟಿ ಕಣ್ಣು ಹೊಡೆದರು. ಆ ಮನುಷ್ಯನಿಗೆ ಪಿಸುಗುಟ್ಟಲೂ ಬರುವುದಿಲ್ಲ. ಆಟ ಮುಗಿದು ಕಪ್ಪಾದ ಪರದೆಯ ಗಾಜಿನಲ್ಲಿ ಅವರು ಕಣ್ಣು ಹೊಡೆದದ್ದು ನನಗೆ ಕಂಡಿತು. ಅತ್ತೆಗೂ ಕಂಡಿತು.

ಅರಳುತ್ತಿದ್ದ ಮುಖ ಅಲ್ಲೇ ನಿಂತಿತು. ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡು ನನ್ನನ್ನು ಕೇಳಿದರು. “ಬೇಕಂತ ಸೋತೇನ?”

“ಇಲ್ಲರಿ!” ಎಂದೆ. ಗಂಡ ಇನ್ನಷ್ಟು ಸಹಾಯ ಮಾಡಲು ಹೋಗಿ, “ಇಲ್ಲವ್ವಾ, ಆಕಿ ಹಂಗ ಮಾಡೂದಿಲ್ಲ,” ಎಂದು ಹುಳ್ಳಗೆ ನಕ್ಕರು. ಆ ನಗೆಯೊಂದೇ ಸಾಕಿತ್ತು, ನಾನು ಸತ್ಯವೇ ಹೇಳಿದರೂ ಸುಳ್ಳಾಗಲು. ಅತ್ತೆ ಎದ್ದು ಹಜಾರಕ್ಕೆ ಹೋಗಿ ಕಿಟಕಿಯ ಹತ್ತಿರ ಕೂತು, ಹೋಗುವ ಬರುವ ಮೆಟ್ರೋ ನೋಡತೊಡಗಿದರು. ಅವರ ಚೌಕಾಬಾರದ ಮೌನ ನನಗೆ ಗೊತ್ತು. ಅದೇ ಮೌನ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸೋತದ್ದಕ್ಕೆ ಸಿಟ್ಟು, ಗುಂಡಿನ ಗೆರೆಗಳನ್ನು ಬಾಗಿಲಲ್ಲೇ ಬರೆದಿಟ್ಟಿದ್ದರೂ ಕಾಣದ ನನ್ನ ಕಣ್ಣಿನ ಮೇಲೆ ಸಿಟ್ಟು, ಗಂಡನ ಮೇಲಂತೂ ಹೇಳತೀರದ ಸಿಟ್ಟು. ಯಂತ್ರ ನಿಧಾನವಾಗಿತ್ತು, ಅದಕ್ಕೇ ಸೋತೆ ಎಂದು ಗೋಡೆಗೆ ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದು ನನಗೂ ಗೊತ್ತಿತ್ತು. ಊಟದ ಹೊತ್ತಾಗಿತ್ತು. ಅಡುಗೆಮನೆಗೆ ಹೋಗಿ ಜೋಳದ ಹಿಟ್ಟು ಕಲಸಿ ರೊಟ್ಟಿ ಬಡಿಯಲು ನಿಂತೆ. ಬಡಿದೆ ಎಂದರೆ ಬಡಿದೆ. ಡಬ್ಬಿಗಳು ಅಲುಗಾಡಿದವು. ಒಂದು ರೊಟ್ಟಿ ನಡುವೆ ಹರಿಯಿತು, ಇನ್ನೊಂದು ಅಂಚಿಗೆ ಸೀಳಿತು, ಮತ್ತೊಂದು ಕಲ್ಲಿಗೇ ಹತ್ತಿಕೊಂಡಿತು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಐವತ್ತು ದಾಟಿದ ಹೆಂಗಸು ಆಟದಲ್ಲಿ ಸೋತದ್ದಕ್ಕೆ ಅಳುತ್ತಿದ್ದಾಳೆ ಎಂದು ನನಗೇ ನಾಚಿಕೆಯಾಯಿತು, ಆದರೆ ಕೈ ನಿಲ್ಲಲಿಲ್ಲ.

ಹಿಂದೆ ಸೀರೆಯ ಸಪ್ಪಳವಾಯಿತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ತಾಟಿನಲ್ಲಿದ್ದ ಹರಕು ರೊಟ್ಟಿಗಳನ್ನು ನೋಡಿದರು, ಹಿಟ್ಟು ಮೆತ್ತಿದ ನನ್ನ ಮುಖ ನೋಡಿದರು.

“ಎಷ್ಟೊತ್ತಿನಿಂದ ಕೇಳಾಕತ್ತೀನಿ,” ಎಂದರು. “ಬೇಕಂತ ಸೋತಾಕಿ ಹಿಂಗ ರೊಟ್ಟಿ ಬಡಿಯಂಗಿಲ್ಲ.”

ನಾನು ಇನ್ನೊಂದು ಉಂಡೆ ತೆಗೆದು ಕಲ್ಲಿಗೆ ಬಡಿದೆ.

“ಖರೇ ಸೋತಿ ನೀ.”

“ಹೌದ್ರಿ,” ಎಂದೆ, ಮೂಗು ಒರೆಸಿಕೊಳ್ಳುತ್ತ. “ಖರೇನ ಸೋತೆ. ಸಾಕಾತ?”

ಅವರು ಬಾಗಿಲ ಚೌಕಟ್ಟು ಹಿಡಿದು ಮೆಲ್ಲನೆ ಮಣೆಯ ಮೇಲೆ ಕೂತರು. ಆಮೇಲೆ ನನಗಲ್ಲ, ತಮಗೇ ಹೇಳಿಕೊಂಡಂತೆ, “ಹಂಗಾದ್ರ ನಾ ಗೆದ್ದೆ,” ಎಂದರು. ಇನ್ನೊಮ್ಮೆ ಹೇಳಿದರು. ಭುಜಗಳು ಅಲುಗತೊಡಗಿದವು, ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡರು. ನನಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೆ ಅವರು ಹಾಗೆ ನಗುವುದನ್ನು ನೋಡಿ ನನಗೆ ತುಂಬ ಸಂತೋಷವಾಯಿತು. ಹುಟ್ಟಿದಾಗಿನಿಂದ ಎಲ್ಲರಿಂದ ಬೈಸಿಕೊಂಡ ನನ್ನ ಸಿಟ್ಟು ಅಂದು ಒಬ್ಬರಿಗೆ ಉಪಯೋಗವಾಗಿತ್ತು.

ಗಂಡ ಬಾಗಿಲಲ್ಲಿ ಇಣುಕಿದರು. ಅತ್ತೆ ಅವರನ್ನು ಕೈ ಬೀಸಿ ಆಚೆ ಕಳಿಸಿ, ತಾಟನ್ನು ಹತ್ತಿರ ಎಳೆದುಕೊಂಡರು.

“ಆ ಹರದದ್ದು ಅವಗ ಹಾಕಬ್ಯಾಡ,” ಎಂದರು. “ಎಲ್ಲಾ ನನಗ ಹಾಕು.”